ಸಣ್ಣ ತೊಟ್ಟಿಗೆ ಸಣ್ಣ ದೀಪ ಎಂಬ ಸುಳ್ಳು

ಮನೆಯಲ್ಲಿ ಹವಳದ ತೊಟ್ಟಿ ಇಡುವವರ ನಡುವೆ ಒಂದು ಮಾತು ಯಾರ ತಡೆಯೂ ಇಲ್ಲದೆ ಓಡಾಡುತ್ತಿದೆ. ತೊಟ್ಟಿ ಸಣ್ಣದಾದರೆ ದೀಪವೂ ಸಣ್ಣದು ಸಾಕು, ಲೀಟರಿಗೆ ಒಂದು ವ್ಯಾಟ್ ಹಿಡಿದರೆ ಕ್ಲ್ಯಾಮ್ (ದೈತ್ಯ ಕಪ್ಪೆಚಿಪ್ಪು) ಕೂಡ ಬದುಕುತ್ತದೆ ಎಂಬ ಮಾತು ಅದು. ಅಂಗಡಿಯವನು ಕೊಳ್ಳಲು ಬಂದವನಿಗೆ ಹೇಳುತ್ತಾನೆ, ಕೊಂಡವನು ಪಕ್ಕದವನಿಗೆ ಹೇಳುತ್ತಾನೆ. ಮೂರನೆಯವನ ಬಾಯಿಗೆ ಬರುವಷ್ಟರಲ್ಲಿ ಅದು ಅನುಭವದ ಮಾತಾಗಿಬಿಟ್ಟಿರುತ್ತದೆ. ಇದರಲ್ಲಿ ಸತ್ಯ ಇಲ್ಲವೇ ಇಲ್ಲ ಎನ್ನಲಾರೆ. ಇರುವ ಸತ್ಯ ಮೋಸಹೋಗಲು ಬೇಕಾದಷ್ಟು ಮಾತ್ರ ಇದೆ.

ನಾನಿರುವ ಕನಕಪುರ ತಾಲ್ಲೂಕಿನ ಸಾತನೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಇನ್ನೂರು ಕಿಲೋಮೀಟರಿಗೂ ದೂರ. ರಾಗಿ, ಹಿಪ್ಪುನೇರಳೆ, ಮಾವಿನ ಸೀಮೆಯಲ್ಲಿ ಕೂತವನಿಗೆ ಹವಳದ ದಿಬ್ಬದ ಪ್ರಾಣಿಯ ಬಗ್ಗೆ ಏನು ಗೊತ್ತು ಎಂದು ಕೇಳುವವರಿದ್ದಾರೆ. ಬಿಸಿಲು ಗೊತ್ತು. ಸಾತನೂರು ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಲಕ್ಷದ್ವೀಪದ ಚೆಟ್ಲಟ್, ಬಿತ್ರಾ ದ್ವೀಪಗಳು ಇದಕ್ಕಿಂತ ಒಂದು ಡಿಗ್ರಿಯಷ್ಟೇ ತೆಂಕಣಕ್ಕಿವೆ. ದೈತ್ಯ ಕಪ್ಪೆಚಿಪ್ಪಿನ ಒಂದು ಜಾತಿಯಾದ ಟ್ರೈಡಾಕ್ನಾ ಮ್ಯಾಕ್ಸಿಮಾ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಬದುಕುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಸಾತನೂರಿನ ನಡುನೆತ್ತಿಗೆ ಬರುವ ಸೂರ್ಯ, ಆಚೀಚೆ ಕೆಲವೇ ದಿನಗಳಲ್ಲಿ ಆ ದ್ವೀಪಗಳ ನೆತ್ತಿಗೂ ಬಂದಿರುತ್ತಾನೆ. ಹಾಗಾಗಿ ಆ ಪ್ರಾಣಿಗೆ ಎಂಥ ಬೆಳಕು ರೂಢಿ ಎಂದು ತಿಳಿಯಲು ಈಜು ಕಲಿಯಬೇಕಿಲ್ಲ. ಮಟಮಟ ಮಧ್ಯಾಹ್ನ ಇಲ್ಲಿಯ ಕಬ್ಬಾಳಿನ ರಸ್ತೆಯಲ್ಲಿ ನಿಂತರೆ ಸಾಕು.

ಆ ಬಿಸಿಲನ್ನು ಅಂಕಿಯಲ್ಲಿ ಹೇಳಬಹುದು. ಸಸ್ಯ ಮತ್ತು ಪಾಚಿ ಬಳಸಬಲ್ಲ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಲೆಕ್ಕಕ್ಕೆ ಹವ್ಯಾಸಿಗಳು 'ಪಾರ್' ಎನ್ನುತ್ತಾರೆ. ಅದರ ಅಳತೆ ಮೈಕ್ರೋಮೋಲ್. ಮೋಡವಿಲ್ಲದ ನಡುಹಗಲಿನಲ್ಲಿ ಇಲ್ಲಿ ಸುಮಾರು 2,000 ಇರುತ್ತದೆ. ಬೆಳಗಿನಿಂದ ಸಂಜೆಯವರೆಗಿನದನ್ನು ಕೂಡಿದರೆ ಒಳ್ಳೆಯ ಬಿಸಿಲಿನ ದಿನ ಚದರ ಮೀಟರಿಗೆ 40 ಮೋಲ್‌ನ ಸುತ್ತಮುತ್ತ ಬರುತ್ತದೆ. ಅಲೆ ಒಂದಿಷ್ಟು ಕದಿಯಲಿ, ನೀರು ಇನ್ನೊಂದಿಷ್ಟು ನುಂಗಲಿ. ಅರ್ಧ ಕಳೆದರೂ 20 ಉಳಿಯಿತು. ಈಗ ಅಂಗಡಿಯ ಸಣ್ಣ ದೀಪದ ಅಡಿಯಲ್ಲಿ, ಮರಳಿನ ಮೇಲೆ ಕೂರಿಸಿದ ಕ್ಲ್ಯಾಮಿಗೆ 80 ಮೈಕ್ರೋಮೋಲ್ ಸಿಗುತ್ತದೆ ಎನ್ನೋಣ. ದಿನಕ್ಕೆ ಹತ್ತು ಗಂಟೆ ಉರಿಸಿದರೂ ಬರುವುದು ಮೂರು ಮೋಲಿಗಿಂತ ಕಡಿಮೆ. ಮಿಕ್ಕದ್ದನ್ನು ಯಾರು ಕೊಡುತ್ತಾರೆ?

ಈ ತಪ್ಪಿನ ಬೇರು ನಮಗೆ ಗೊತ್ತಿರುವ ಚಿಪ್ಪುಗಳಲ್ಲಿದೆ. ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ ಸಾತನೂರಿಗೆ ದೂರವಲ್ಲ. ನಮ್ಮ ಹೊಳೆ, ಕೆರೆಗಳ ಕಪ್ಪೆಚಿಪ್ಪು ಕೆಸರಲ್ಲಿ ಅರ್ಧ ಹೂತುಕೊಂಡು ನೀರನ್ನು ಸೋಸಿ ತಿನ್ನುವ ಪ್ರಾಣಿ. ಅದಕ್ಕೆ ಬೆಳಕಿನ ಹಂಗಿಲ್ಲ. ಕರಾವಳಿಯವರ ಬಳಚು, ಮರುವಾಯಿಯದೂ ಇದೇ ಕಥೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಹೆಂಗಸರು ಗಂಡಸರು ಇಳಿತದ ಹೊತ್ತಿಗೆ ಹೆಕ್ಕುವ ಚಿಪ್ಪು ಬಹುಪಾಲು ಮಣ್ಣಿನೊಳಗಿನದು. ಹೀಗೆ ಕನ್ನಡನಾಡಿನ ಅನುಭವವೆಲ್ಲ 'ಚಿಪ್ಪಿಗೆ ಯಾಕಪ್ಪ ದೀಪ' ಎಂಬ ಕಡೆಗೇ ವಾಲುತ್ತದೆ. ತೊಟ್ಟಿಯವರು ಅದನ್ನು ಸ್ವಲ್ಪ ತಿದ್ದಿ 'ಸ್ವಲ್ಪ ದೀಪ ಸಾಕು' ಮಾಡಿಕೊಂಡಿದ್ದಾರೆ, ಅಷ್ಟೇ.

ಟ್ರೈಡಾಕ್ನಾ ಬೇರೆಯೇ ಬಗೆಯ ಜೀವ. ಅದು ಚಿಪ್ಪು ತೆರೆದು, ಒಳಗಿನ ಮೈಹೊದಿಕೆಯನ್ನು ಮೇಲಕ್ಕೆ ಚಾಚಿ ಬಿಸಿಲಿಗೆ ಹರಡುತ್ತದೆ. ಆ ಹೊದಿಕೆಯೊಳಗೆ ಲಕ್ಷಾಂತರ ಸೂಕ್ಷ್ಮ ಪಾಚಿಗಳು ಮನೆ ಮಾಡಿಕೊಂಡಿರುತ್ತವೆ. ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ಯಜಮಾನನಿಗೆ ಕೊಡುತ್ತವೆ, ಆ ಪ್ರಾಣಿ ತನ್ನ ಕಶ್ಮಲದ ಸಾರಜನಕವನ್ನು ಅವಕ್ಕೆ ಕೊಡುತ್ತದೆ. 1928-29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋದ ಸಂಶೋಧನಾ ತಂಡದ ನಾಯಕ ಸಿ. ಎಂ. ಯಾಂಗ್ ಈ ಪ್ರಾಣಿ ಪಾಚಿಯನ್ನು ಬೆಳೆದು ತಿನ್ನುತ್ತದೆ ಎಂದುಕೊಂಡಿದ್ದರು. ಪಾಚಿಗಳು ಇರುವುದು ಹೊಟ್ಟೆಯಿಂದ ಹೊರಟು ಹೊದಿಕೆಯಲ್ಲಿ ಕವಲೊಡೆಯುವ ನಳಿಗೆಗಳಲ್ಲಿ ಎಂದು 1992ರ ಹೊತ್ತಿಗೆ ಖಚಿತವಾಯಿತು. ಒಂದು ಜಠರಕ್ಕೆ ಸೇರಿಕೊಂಡ ಹೊಲ ಅದು. ಹೊಲಕ್ಕೆ ಬೇಕಾದ್ದು ಬಿಸಿಲು.

ಹುಣಸೆ ಮರದ ನೆರಳಲ್ಲಿ ಬಿದ್ದ ರಾಗಿ ಹೇಗಿರುತ್ತದೆ ಎಂದು ಸಾತನೂರಿನ ಯಾವ ರೈತನನ್ನು ಬೇಕಾದರೂ ಕೇಳಿ. ಸಾಯುವುದಿಲ್ಲ, ಉದ್ದಕ್ಕೆ ಬೆಳೆಯುತ್ತದೆ, ಹಸಿರಾಗಿಯೂ ಇರುತ್ತದೆ, ತೆನೆ ಕಟ್ಟುವುದಿಲ್ಲ. ಕಡಿಮೆ ಬೆಳಕಿನ ಕ್ಲ್ಯಾಮ್ ಮಾಡುವುದೂ ಅದನ್ನೇ. ಆದರೆ ಅದು ಸದ್ದಿಲ್ಲದೆ ಮಾಡುತ್ತದೆ. ಮೈಯಲ್ಲಿ ಕೂಡಿಟ್ಟದ್ದನ್ನು ತಿಂಗಳುಗಟ್ಟಲೆ ತಿಂದು ಬದುಕುತ್ತದೆ. ಬೆಳಗ್ಗೆ ಚಿಪ್ಪು ತೆರೆಯುತ್ತದೆ, ನೆರಳು ಬಿದ್ದರೆ ಮುಚ್ಚುತ್ತದೆ. ಅದರ ಹೊದಿಕೆಯ ಅಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳಿವೆ, ಕೈ ಆಡಿಸಿದರೆ ತಿಳಿಯುತ್ತದೆ. ಇದನ್ನು ನೋಡಿ ತೊಟ್ಟಿಯ ಯಜಮಾನ ಬೀಗುತ್ತಾನೆ: ನೋಡಿ, ನನ್ನ ಸಣ್ಣ ದೀಪದಲ್ಲೇ ಆರು ತಿಂಗಳು ಬದುಕಿದೆ. ಆರು ತಿಂಗಳು ಉಪವಾಸವಿದ್ದದ್ದನ್ನು ಸಾಕಿದ್ದೇನೆ ಎಂದು ಎಣಿಸುವುದು ಎಂಥ ಲೆಕ್ಕ? ಏಳನೇ ತಿಂಗಳಲ್ಲಿ ಹೊದಿಕೆ ಒಳಕ್ಕೆ ಸೆಳೆದುಕೊಂಡು, ನೀರು ಎಳೆದುಕೊಳ್ಳುವ ಬಾಯಿ ಜೋತುಬಿದ್ದು, ಒಂದು ಬೆಳಗ್ಗೆ ಚಿಪ್ಪು ಖಾಲಿಯಾದಾಗ ತಪ್ಪು ನೀರಿನ ಮೇಲೆ ಹೋಗುತ್ತದೆ, ಉಪ್ಪಿನ ಮೇಲೆ ಹೋಗುತ್ತದೆ, 'ಏನೋ ರೋಗ ಬಂತು' ಎಂಬುದರ ಮೇಲೆ ಹೋಗುತ್ತದೆ. ದೀಪದ ಮೇಲೆ ಹೋಗುವುದಿಲ್ಲ.

ಬದುಕಿದೆಯೇ ಎಂದು ಕೇಳಬೇಡಿ, ಬೆಳೆದಿದೆಯೇ ಎಂದು ಕೇಳಿ. ಬೆಳೆಯುವ ಕ್ಲ್ಯಾಮಿನ ಚಿಪ್ಪಿನ ಮೇಲಂಚಿನಲ್ಲಿ ಹೊಸದಾಗಿ ಕಟ್ಟಿದ ಬೆಳ್ಳನೆಯ ಸುಣ್ಣದ ಗೆರೆ ಕಾಣುತ್ತದೆ. ಅದು ಇಲ್ಲದಿದ್ದರೆ ಮಿಕ್ಕ ಸಮರ್ಥನೆಯೆಲ್ಲ ಬರೀ ಮಾತು.

ಬಣ್ಣ ಚೆನ್ನಾಗಿದೆಯಲ್ಲ ಎನ್ನುವವರಿಗೂ ಉತ್ತರ ಇದೆ. ಟ್ರೈಡಾಕ್ನಾದ ನೀಲಿ, ಹಸಿರು ಹೊಳಪು ಪಾಚಿಯದ್ದಲ್ಲ. ಅದು ಹೊದಿಕೆಯಲ್ಲಿರುವ ವಿಶೇಷ ಕೋಶಗಳು ಬೆಳಕನ್ನು ಚದುರಿಸುವುದರಿಂದ ಹುಟ್ಟುವ ಹೊಳಪು. ಆ ಕೋಶಗಳು ಪಾಚಿಗೆ ಬೇಡದ ಬೆಳಕನ್ನು ಹೊರಕ್ಕೆ ತಳ್ಳಿ, ಬೇಕಾದ ಬೆಳಕನ್ನು ಒಳಗೆ ಕಂಬಗಳಂತೆ ನಿಂತ ಪಾಚಿಯ ಸಾಲಿನುದ್ದಕ್ಕೂ ಸಮನಾಗಿ ಹಂಚುತ್ತವೆ ಎಂದು 2014ರಲ್ಲಿ ಅಲಿಸನ್ ಸ್ವೀನಿ ಮತ್ತು ಸಂಗಡಿಗರು ತೋರಿಸಿದರು. ಅದೇ ಸ್ವೀನಿಯವರ ತಂಡ 2024ರಲ್ಲಿ ಈ ಏರ್ಪಾಡಿನ ದಕ್ಷತೆಯನ್ನು ಲೆಕ್ಕ ಹಾಕಿ ಶೇಕಡಾ 42ರಿಂದ 67ರವರೆಗೆ ಎಂದಿತು. ಜೀವಿ ತನ್ನ ಮೈಯನ್ನೇ ಬೆಳಕು ಹಂಚುವ ಯಂತ್ರವಾಗಿ ಕಟ್ಟಿಕೊಂಡಿದೆ. ನಾವು ಆ ಯಂತ್ರದ ಹೊಳಪಿಗೆ ಸಾವಿರಾರು ರೂಪಾಯಿ ಕೊಟ್ಟು ತಂದು, ಅದಕ್ಕೆ ಹಂಚಲು ಬೆಳಕನ್ನೇ ಕೊಡುವುದಿಲ್ಲ. ಒಳಗಿನ ಪಾಚಿ ಕರಗುತ್ತಿದ್ದರೂ ಮೇಲಿನ ನೀಲಿ ಹೊಳೆಯುತ್ತಲೇ ಇರಬಹುದು. ಹಾಗಾಗಿ ಬಣ್ಣವನ್ನು ಆರೋಗ್ಯದ ಸಾಕ್ಷಿಯಾಗಿ ತಂದು ನಿಲ್ಲಿಸುವವರ ಸಾಕ್ಷಿ ನಡೆಯುವುದಿಲ್ಲ.

ಇನ್ನು ವ್ಯಾಟಿನ ವಿಚಾರ. ಗ್ಯಾಲನ್ನಿಗೆ ಇಷ್ಟು ವ್ಯಾಟ್, ಲೀಟರಿಗೆ ಇಷ್ಟು ವ್ಯಾಟ್ ಎಂಬ ಸೂತ್ರ ಟ್ಯೂಬ್‌ಲೈಟ್ ಕಾಲದ್ದು. ಆಗ ಮಾರುಕಟ್ಟೆಯಲ್ಲಿದ್ದ ಟ್ಯೂಬುಗಳೆಲ್ಲ ಹೆಚ್ಚುಕಡಿಮೆ ಒಂದೇ ದಕ್ಷತೆಯವು, ತೊಟ್ಟಿಗಳೂ ಒಂದೇ ಆಕಾರದವು. ಅಂದಾಜಿಗೆ ಅದು ನಡೆಯಿತು. ಎಲ್‌ಇಡಿ ಬಂದ ಮೇಲೆ ಆ ಸೂತ್ರವನ್ನು ಮಣ್ಣು ಮಾಡಬೇಕಿತ್ತು. ವ್ಯಾಟ್ ಎಂದರೆ ದೀಪ ನುಂಗುವ ವಿದ್ಯುತ್ತು, ಕೊಡುವ ಬೆಳಕಲ್ಲ. ಒಂದೇ 30 ವ್ಯಾಟಿನ ಎರಡು ದೀಪಗಳಲ್ಲಿ ಒಂದು ಅಗಲಕ್ಕೆ ಚೆಲ್ಲಬಹುದು, ಇನ್ನೊಂದು ಮಸೂರ ಹಾಕಿ ಅಂಗೈಯಗಲದ ಜಾಗಕ್ಕೆ ಸುರಿಯಬಹುದು. ಒಂದರ ಅಡಿ ಕ್ಲ್ಯಾಮ್ ಹಸಿಯುತ್ತದೆ, ಇನ್ನೊಂದರ ಅಡಿ ಬೇಯುತ್ತದೆ. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಅಂಕಿ. ಲೀಟರಿನ ಕಥೆ ಇನ್ನೂ ಹಾಸ್ಯಾಸ್ಪದ. ನೀರು ಬೆಳಕನ್ನು ತಿಂದು ಬದುಕುವುದಿಲ್ಲ. ಮೂವತ್ತು ಲೀಟರಿನ ಪೆಟ್ಟಿಗೆಯಲ್ಲಿರುವ ಎಂಟು ಸೆಂಟಿಮೀಟರಿನ ಟ್ರೈಡಾಕ್ನಾ ಕ್ರೋಸಿಯಾಕ್ಕೂ ಮುನ್ನೂರು ಲೀಟರಿನ ತೊಟ್ಟಿಯಲ್ಲಿರುವ ಅಷ್ಟೇ ಗಾತ್ರದ ಇನ್ನೊಂದಕ್ಕೂ ಹೊದಿಕೆಯ ಮೇಲೆ ಬೀಳಬೇಕಾದ ಬೆಳಕು ಒಂದೇ. ಅಗತ್ಯ ಪ್ರಾಣಿಯದು, ತೊಟ್ಟಿಯದಲ್ಲ. 'ಸಣ್ಣ ತೊಟ್ಟಿಗೆ ಸಣ್ಣ ದೀಪ' ಎಂಬ ಮಾತು ಮುರಿದು ಬೀಳುವುದು ಇಲ್ಲಿ.

ಅದರಲ್ಲಿರುವ ಸತ್ಯದ ಅಂಶ ಯಾವುದು ಎಂದರೆ, ಸಣ್ಣ ತೊಟ್ಟಿ ಆಳವಿಲ್ಲದ್ದು. ಮೂವತ್ತು ಸೆಂಟಿಮೀಟರ್ ನೀರಿನ ತಳಕ್ಕೆ ಬೆಳಕು ಮುಟ್ಟಿಸುವುದು ಅರವತ್ತು ಸೆಂಟಿಮೀಟರಿನ ತಳಕ್ಕೆ ಮುಟ್ಟಿಸುವುದಕ್ಕಿಂತ ಸುಲಭ. ಒಪ್ಪಿದೆ. ಆದರೆ ಆ ಅನುಕೂಲವನ್ನು ಸಣ್ಣ ದೀಪವೇ ಕಿತ್ತುಕೊಳ್ಳುತ್ತದೆ. ಕ್ಲಿಪ್ಪು ಹಾಕಿ ಅಂಚಿಗೆ ಸಿಕ್ಕಿಸುವ ದೀಪದ ಕೆಳಗೆ ನಡುವಿನಲ್ಲೊಂದು ಬಿಳಿ ಚುಕ್ಕೆ, ಸುತ್ತ ಮಂಕು. ಆ ಚುಕ್ಕೆಯ ಜಾಗವನ್ನು ಹವಳಕ್ಕೆ ಕೊಟ್ಟು ಕ್ಲ್ಯಾಮನ್ನು ಮೂಲೆಯ ಮರಳಿಗೆ ಕಳಿಸುವುದು ವಾಡಿಕೆ. ಮೇಲಾಗಿ ದೀಪವನ್ನು ಎತ್ತರಿಸಿದಷ್ಟೂ ಅದು ಬಡವಾಗುತ್ತದೆ. ಬಿಡಿ ಬಿಂದುವಿನಂಥ ದೀಪವನ್ನು ಎರಡರಷ್ಟು ದೂರ ಇಟ್ಟರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಗಾಜಿನ ಗೋಡೆ ಒಂದಿಷ್ಟು ಹಿಂದಿರುಗಿಸಿದರೂ ನಷ್ಟ ನಷ್ಟವೇ.

ಕಣ್ಣಿಗೆ ಎಷ್ಟೊಂದು ಬೆಳಕು ಕಾಣುತ್ತದಲ್ಲ ಎನ್ನುವವರು, ಮೊಬೈಲಿನ ಲಕ್ಸ್ ಆ್ಯಪ್ ಹಿಡಿದು ಅಳೆಯುವವರು ಇಬ್ಬರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ. ನಮ್ಮ ಕಣ್ಣು ಹಸಿರನ್ನು ಚೆನ್ನಾಗಿ ಕಾಣುತ್ತದೆ. 450 ನ್ಯಾನೋಮೀಟರಿನ ನೀಲಿ ನಮ್ಮ ಕಣ್ಣಿಗೆ 555ರ ಹಸಿರಿನ ಇಪ್ಪತ್ತೈದನೆಯ ಒಂದು ಪಾಲಿನಷ್ಟು ಮಾತ್ರ ತಟ್ಟುತ್ತದೆ. ಲಕ್ಸ್ ಎಂಬ ಅಳತೆ ನಿಂತಿರುವುದೇ ಈ ಕಣ್ಣಿನ ಪಕ್ಷಪಾತದ ಮೇಲೆ. ಪಾಚಿಗೆ ಬೇಕಾದ್ದು ನೀಲಿಯ ಕಡೆಯ ಬೆಳಕು. ಹಾಗಾಗಿ ಎಲ್‌ಇಡಿಯ ನೀಲಿಯ ಅಡಿಯಲ್ಲಿ ಲಕ್ಸ್ ಮೀಟರ್ ಏನು ಹೇಳಿದರೂ ಅದು ನಮ್ಮ ವರದಿ, ಕ್ಲ್ಯಾಮಿನದ್ದಲ್ಲ. ಪಾರ್ ಮೀಟರ್ ದುಬಾರಿ ಎಂಬುದು ನಿಜ. ನಾಲ್ಕೈದು ಮಂದಿ ಸೇರಿ ಒಂದು ಕೊಂಡರೆ, ಬಾಡಿಗೆಗೆ ತಂದರೆ ಕೆಲಸ ನಡೆಯುತ್ತದೆ. ದೀಪಕ್ಕೆ, ಉಪ್ಪಿಗೆ, ಪಂಪಿಗೆ ಸುರಿದ ದುಡ್ಡಿನ ಮುಂದೆ ಒಂದು ದಿನದ ಬಾಡಿಗೆ ಏನು ಮಹಾ.

ಅಳೆದ ಮೇಲೆ ಎಷ್ಟಿರಬೇಕು? ಇದು ಜಾತಿಯ ಮೇಲೆ ಹೋಗುತ್ತದೆ. ಕೆಂಪು ಸಮುದ್ರದಲ್ಲಿ ನಡೆದ ಒಂದು ಅಧ್ಯಯನ 2008ರಲ್ಲಿ ಕಂಡದ್ದು: ಟ್ರೈಡಾಕ್ನಾ ಮ್ಯಾಕ್ಸಿಮಾ ಮೇಲಿನ 17 ಮೀಟರಿನಲ್ಲೇ ನಿಲ್ಲುತ್ತದೆ, ಸ್ಕ್ವಾಮೋಸಾ 42 ಮೀಟರಿನವರೆಗೂ ಇಳಿಯುತ್ತದೆ. ಕ್ರೋಸಿಯಾ ಇನ್ನೂ ಮೇಲಿನದು, ಹವಳದ ಬಂಡೆಯನ್ನೇ ಕೊರೆದು ಆಳವಿಲ್ಲದ ನೀರಲ್ಲಿ ಕೂರುತ್ತದೆ. ಇದನ್ನು ಅನುಸರಿಸಿ ಅನುಭವಸ್ಥ ಸಾಕಣೆದಾರರು ಡೆರಾಸಾ, ಸ್ಕ್ವಾಮೋಸಾಗಳಿಗೆ 150ರಿಂದ 250, ಮ್ಯಾಕ್ಸಿಮಾ, ಕ್ರೋಸಿಯಾಗಳಿಗೆ 250ರಿಂದ 400 ಮೈಕ್ರೋಮೋಲ್ ಎಂದು ಸ್ಥೂಲವಾಗಿ ಹಿಡಿಯುತ್ತಾರೆ. ಇಲ್ಲಿಯ ವಿಪರ್ಯಾಸ ನೋಡಿ. ಸಣ್ಣ ತೊಟ್ಟಿಯಲ್ಲಿ ಹಿಡಿಸುವ ಜಾತಿ ಕ್ರೋಸಿಯಾ, ಅದು ಹದಿನೈದು ಸೆಂಟಿಮೀಟರಿಗೆ ನಿಲ್ಲುತ್ತದೆ. ಕಡಿಮೆ ಬೆಳಕು ತಾಳುವ ಸ್ಕ್ವಾಮೋಸಾ ನಲವತ್ತು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಅಂದರೆ ಸಣ್ಣ ತೊಟ್ಟಿಗೆ ಹೊಂದುವ ಜಾತಿಯೇ ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಡುವ ಜಾತಿ. ತೊಟ್ಟಿ ಸಣ್ಣದಾದಷ್ಟೂ ದೀಪ ಬಲವಾಗಬೇಕು. ಅಂಗಡಿಯ ಸೂತ್ರ ತಲೆಕೆಳಗಾಗಿದೆ.

ಸೂತ್ರದ ಕೊನೆಯ ಆಶ್ರಯ ಆಹಾರ. ಮರಿ ಕ್ಲ್ಯಾಮಿಗೆ ಬೆಳಕಿಗಿಂತ ಊಟ ಮುಖ್ಯ, ಹಸಿರು ಪ್ಲಾಂಕ್ಟನ್ ಬಾಟಲಿ ಕೊಂಡು ಸುರಿಯಿರಿ ಎನ್ನುತ್ತಾರೆ. ಇದಕ್ಕೆ ಆಧಾರವಾಗಿ ಹೇಳಬಹುದಾದ ಅಧ್ಯಯನವೂ ಇದೆ. 1992ರಲ್ಲಿ ಕ್ಲಂಪ್ ಮತ್ತಿತರರು ಟ್ರೈಡಾಕ್ನಾ ಗಿಗಾಸ್‌ನ ಬಹು ಚಿಕ್ಕ ಮರಿಗಳು ತಮಗೆ ಬೇಕಾದ ಇಂಗಾಲದ ಶೇಕಡಾ 65ನ್ನು ನೀರು ಸೋಸಿ ಪಡೆಯುತ್ತವೆ, ದೊಡ್ಡವು 34ನ್ನು ಮಾತ್ರ ಎಂದು ಲೆಕ್ಕ ಕೊಟ್ಟರು. ಬಾಟಲಿ ಮಾರುವವರು ಓದುವುದು ಈ ಮೊದಲ ಅಂಕಿಯನ್ನು. ಆ ಮರಿಗಳ ಒಣತೂಕ 100 ಮಿಲಿಗ್ರಾಂ, ಅಂಗಡಿಯಲ್ಲಿ ಮಾರುವ ಬಹುಪಾಲು ಕ್ಲ್ಯಾಮುಗಳು ಆ ಹಂತ ದಾಟಿರುತ್ತವೆ. ಅಧ್ಯಯನದ ಮರಿಗಳು ಸೋಸಿದ್ದು ಹವಳದ ದಿಬ್ಬದ ಜೀವಂತ ನೀರನ್ನು, ದಿನಕ್ಕೊಮ್ಮೆ ಸುರಿದು ಫಿಲ್ಟರು ಎಳೆದುಕೊಳ್ಳುವ ಹಸಿರು ದ್ರವವನ್ನಲ್ಲ. ಮೇಲಾಗಿ, ಆ ಮರಿಗಳಿಗೂ ಉಳಿದ ಮೂರನೇ ಒಂದು ಪಾಲು ಬೇರೆ ಕಡೆಯಿಂದ ಬರಬೇಕು. ಊಟ ಕೊಡಿ, ಬೇಡವೆನ್ನುವುದಿಲ್ಲ. ಅದನ್ನು ದೀಪದ ಬದಲಿಗೆ ಕೊಡಬೇಡಿ. ಮೂವತ್ತು ಲೀಟರ್ ನೀರಿಗೆ ದಿನವೂ ಸುರಿದ ಊಟ ಕೊಳೆತರೆ ಆಗುವುದನ್ನು ಇಲ್ಲಿ ವಿವರಿಸುವುದು ಬೇಡ, ಮೂಗಿಗೇ ತಿಳಿಯುತ್ತದೆ.

ಈ ಪ್ರಾಣಿಗಳನ್ನು ಬೆಳೆಸಿಯೇ ಬದುಕುವವರು ಏನು ಮಾಡಿದರು ನೋಡಿ. ಪಲಾವು ದ್ವೀಪದ ಸಾಕಣೆ ಕೇಂದ್ರದಲ್ಲಿ, ಫಿಲಿಪೀನ್ಸಿನ ಬೊಲಿನಾವೊ ಪ್ರಯೋಗಾಲಯದಲ್ಲಿ ಕ್ಲ್ಯಾಮ್ ಮರಿಗಳನ್ನು ಬೆಳೆಸಿದ್ದು ಬಿಸಿಲಿಗೆ ತೆರೆದ ತೊಟ್ಟಿಗಳಲ್ಲಿ, ಆಮೇಲೆ ಆಳವಿಲ್ಲದ ಕಡಲಿನ ಪಂಜರಗಳಲ್ಲಿ. ಹಾಗಾದರೆ ಸಾತನೂರಿನಂಥ ಕಡೆ ಬಿಸಿಲನ್ನೇ ಬಳಸಬಹುದಲ್ಲ? ಬಳಸಬಹುದು, ಆದರೆ ಕಿಟಕಿಯ ಬಳಿ ಇಟ್ಟರೆ ಆಯಿತು ಎನ್ನುವ ಉಡಾಫೆಯಿಂದಲ್ಲ. ಏಪ್ರಿಲಿನಲ್ಲಿ ಸಣ್ಣ ಗಾಜಿನ ತೊಟ್ಟಿ ಕೆಲವೇ ಗಂಟೆಗಳಲ್ಲಿ ಕಾಯುತ್ತದೆ, ನೀರಿನ ಬಿಸಿ ಮೂವತ್ತು ಡಿಗ್ರಿ ದಾಟಿ ಏರುತ್ತಾ ಹೋದರೆ ಕ್ಲ್ಯಾಮ್ ತನ್ನ ಪಾಚಿಯನ್ನೇ ಹೊರಹಾಕಬಹುದು. ಮಂಕು ದೀಪದಿಂದ ಬಂದ ಪ್ರಾಣಿಯನ್ನು ಒಮ್ಮೆಲೇ ಬಿಸಿಲಿಗೆ ಹಿಡಿದರೂ ಅದೇ ಗತಿ. ನಮ್ಮ ನರ್ಸರಿಗಳಲ್ಲಿ ಸಸಿಗಳ ಮೇಲೆ ಕಟ್ಟುವ ಹಸಿರು ನೆರಳುಪರದೆ ಇದೆಯಲ್ಲ, ಅದನ್ನು ಎರಡು ಪದರ ಹಾಕಿ, ವಾರಕ್ಕೊಂದಿಷ್ಟು ಸರಿಸುತ್ತಾ ಹೋಗುವುದು ಸರಿಯಾದ ದಾರಿ. ಬಲವಾದ ಹೊಸ ದೀಪ ತಂದಾಗಲೂ ಇದೇ ಕ್ರಮ. ನೆರಳಿನ ಜಾಗದಲ್ಲಿ ತೊಟ್ಟಿ, ಮೇಲೆ ಮಾಡಿನಲ್ಲಿ ಹಾಲುಬಣ್ಣದ ಶೀಟಿನ ಬೆಳಕಿಂಡಿ, ಜೊತೆಗೊಂದು ಮಧ್ಯಮ ದೀಪ ಇಷ್ಟಿದ್ದರೆ ಬೆಂಗಳೂರಿನ ಫ್ಲಾಟಿನವರಿಗೆ ಸಿಗದ ಬೆಳಕು ಇಲ್ಲಿ ಸಿಗುತ್ತದೆ. ಕನಕಪುರ ರಸ್ತೆಯುದ್ದಕ್ಕೂ ತೋಟದ ಮನೆ ಕಟ್ಟುತ್ತಿರುವವರು ಇದನ್ನು ಯೋಚಿಸಬಹುದಿತ್ತು.

ಖರ್ಚಿನ ನೆಪವೂ ನಿಲ್ಲುವುದಿಲ್ಲ. 60 ವ್ಯಾಟಿನ ಒಳ್ಳೆಯ ದೀಪ ದಿನಕ್ಕೆ ಹತ್ತು ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಸರಾಸರಿ ದಾಟೀತೆಂದು ಹೆದರುವವರು ಕ್ಲ್ಯಾಮ್ ಸಾಕುವ ಯೋಚನೆಯನ್ನೇ ಬಿಡುವುದು ವಾಸಿ. ಕರೆಂಟು ಹೋಗುವ ಭಯಕ್ಕೂ ದೀಪವನ್ನು ದೂರಬೇಕಿಲ್ಲ. ಒಂದು ದಿನ ಕತ್ತಲಾದರೆ ಕ್ಲ್ಯಾಮಿಗೆ ಮೋಡದ ದಿನದ ಹಾಗೆ. ಬ್ಯಾಟರಿ ಬೇಕಾದ್ದು ಪಂಪಿಗೆ.

ಇಷ್ಟು ಕಟುವಾಗಿ ಬರೆಯಬೇಕೇ, ಒಂದು ಚಿಪ್ಪಿಗಾಗಿ ಎನ್ನಬಹುದು. ಅದು ಬರೀ ಚಿಪ್ಪಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಟ್ರೈಡಾಕ್ನಾ ಮ್ಯಾಕ್ಸಿಮಾ, ಟ್ರೈಡಾಕ್ನಾ ಸ್ಕ್ವಾಮೋಸಾ, ಹಿಪ್ಪೋಪಸ್ ಹಿಪ್ಪೋಪಸ್ ಈ ಮೂರೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿದವು. ಅದು ಹುಲಿ, ಆನೆಗಳಿರುವ ಪಟ್ಟಿ. ದೈತ್ಯ ಕಪ್ಪೆಚಿಪ್ಪಿನ ಕುಟುಂಬವಿಡೀ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಂಥ ವಿದೇಶಿ ಜೀವಿಯನ್ನು ಮನೆಯಲ್ಲಿ ಇಟ್ಟುಕೊಂಡವರು ನೋಂದಾಯಿಸಬೇಕು. ನಮ್ಮ ಕಡೆಯ ಮುತ್ತತ್ತಿಯ ಕಾಡಂಚಿನವರಿಗೆ ಒಂದನೇ ಅನುಸೂಚಿ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಅಂಥ ಪಟ್ಟಿಯ ಪ್ರಾಣಿಯ ನೆಂಟನನ್ನು ಕಾಗದವಿಲ್ಲದೆ ತಂದು, 'ಹಾಕಿ ನೋಡೋಣ, ಬದುಕಿದರೆ ಬದುಕಲಿ' ಎಂದು ಮೂವತ್ತು ವ್ಯಾಟಿನ ಕೆಳಗೆ ಬಿಡುವವನನ್ನು ಹವ್ಯಾಸಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಲೀಟರಿಗೊಂದು ವ್ಯಾಟ್ ಎಂಬ ಸೂತ್ರ ಪ್ರತಿಯೊಬ್ಬನಿಗೂ ಒಂದು ಕ್ಲ್ಯಾಮ್ ಮಾರುತ್ತದೆ, ಅದು ಸತ್ತ ಮೇಲೆ ಇನ್ನೊಂದನ್ನು ಮಾರುತ್ತದೆ. ಆ ಸೂತ್ರ ಇಷ್ಟು ದಿನ ಬಾಳಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದ್ದರಿಂದ ಕೊಳ್ಳುವವರಲ್ಲಿ ಒಂದು ವಿನಂತಿ. ಕ್ಲ್ಯಾಮ್ ಕೊಳ್ಳುವ ಮೊದಲು ಅದು ಕೂರಬೇಕಾದ ಜಾಗದಲ್ಲಿ, ನೀರಿನೊಳಗೆ ಪಾರ್ ಅಳೆಯಿರಿ. ಕ್ರೋಸಿಯಾಕ್ಕೆ 250 ಇಲ್ಲದಿದ್ದರೆ ಕೊಳ್ಳಬೇಡಿ. ಆಮದಿನ ಕಾಗದ ತೋರಿಸದ ಅಂಗಡಿಯಿಂದ ಯಾವ ಬೆಳಕಿದ್ದರೂ ಕೊಳ್ಳಬೇಡಿ. ದೀಪ ಮಾರುವವರು ಪೆಟ್ಟಿಗೆಯ ಮೇಲೆ ವ್ಯಾಟಿನ ಪಕ್ಕದಲ್ಲಿ, ಮೂವತ್ತು ಸೆಂಟಿಮೀಟರ್ ನೀರಿನಡಿ ನಡುವಿನಲ್ಲೆಷ್ಟು, ಮೂಲೆಯಲ್ಲೆಷ್ಟು ಎಂಬ ಎರಡು ಅಂಕಿಗಳನ್ನು ಅಚ್ಚು ಹಾಕಲಿ. ಹಾಕುವವರೆಗೆ ಅವರ ಮಾತಿಗೆ ದುಡ್ಡು ಕೊಡಬೇಡಿ.